ಶಾಲೆಯ ಸೇವಾ ದಿನಕ್ಕೆ ಸ್ಟೇಜ್ ಹಾಕಿ ರೇಷನ್ ಕಿಟ್ ಕೊಡೋದು ಸರಿನಾ? ಬೇರೆ ಏನು ಮಾಡಬಹುದು?

ಒಂಬತ್ತನೇ ಕ್ಲಾಸ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕಮ್ಮನಹಳ್ಳಿ ಕಡೆ ಒಂದು ಕಾನ್ವೆಂಟ್ ಶಾಲೆಯಲ್ಲಿ ಓದುತ್ತಿದ್ದಾಳೆ. ಶಾಲೆಗೆ ಅಂಟಿಕೊಂಡೇ ಚರ್ಚ್ ಇದೆ. ನಾವು ಕ್ರೈಸ್ತರಲ್ಲ, ಆದರೆ ಆ ಸಿಸ್ಟರ್‌ಗಳ ಬಗ್ಗೆ ನಮಗೆ ತುಂಬಾ ಗೌರವ.

ನವೆಂಬರ್‌ನಲ್ಲಿ ಚರ್ಚ್‌ನವರು "ಬಡವರ ದಿನ" ಆಚರಿಸುತ್ತಾರಂತೆ. ಈ ಸಲ ಶಾಲೆ ಮತ್ತು ಚರ್ಚ್ ಸೇರಿ 60 ಕುಟುಂಬಗಳಿಗೆ ರೇಷನ್ ಕಿಟ್ ಕೊಡುವ ಯೋಚನೆ ನಡೆದಿದೆ. ಸ್ಟೇಜ್, ಅತಿಥಿಗಳು, ಬ್ಯಾನರ್, ಫೋಟೊ ಎಲ್ಲ ಇರುತ್ತದೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳ ಕೈಯಿಂದ ಕೊಡಿಸುತ್ತಾರೆ. ಪೋಷಕರ ಕಮಿಟಿಯಲ್ಲಿ ನಾನೂ ಇದ್ದೇನೆ.

ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ನಮ್ಮನೆ ಅಕ್ಕನೂ ಬರ್ತಾರಾ ತಗೊಳ್ಳೋಕೆ?" ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕನ ಮನೆ ಈ ಕಿಟ್ ಕೊಡುವ ಬಡಾವಣೆಯಲ್ಲೇ ಇದೆ. ಅವರ ಮಗ ಸರ್ಕಾರಿ ಶಾಲೆಯಲ್ಲಿ ಹತ್ತನೇ ಕ್ಲಾಸು. ಅವರು ಲೈನಿನಲ್ಲಿ ನಿಂತು ನನ್ನ ಮಗಳ ಕೈಯಿಂದ ಅಕ್ಕಿ ಚೀಲ ತಗೊಳ್ಳೋದನ್ನು ನೆನೆಸಿಕೊಂಡರೆ ನನಗೂ ಸರಿ ಅನ್ನಿಸುತ್ತಿಲ್ಲ. ಹಾಗಂತ ಏನೂ ಮಾಡದೆ ಇರೋದೂ ಬೇಡ.

ಚರ್ಚ್ ಅಥವಾ ಶಾಲೆ ಕಡೆಯಿಂದ ಇಂಥ ಕೆಲಸ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ. ಕಮಿಟಿ ಮುಂದೆ ಏನು ಇಡಲಿ?

ಕೆ.ಆರ್.ಪುರಂ ಹುಡುಗ:

ಮೇಡಂ, ಜಾಸ್ತಿ ಯೋಚನೆ ಮಾಡಬೇಡಿ. ಹಸಿದವರಿಗೆ ಯಾರು ಕೊಟ್ಟರು, ಎಲ್ಲಿ ನಿಂತು ಕೊಟ್ಟರು ಅನ್ನೋದು ಮುಖ್ಯ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಏರಿಯಾದಲ್ಲಿ ಕಿಟ್ ಬರದೇ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಕೊಡಲಿ ಬಿಡಿ.

ಹಳೇ ಸ್ಟೋರ್ ಕೀಪರ್:

ಮೇಡಂ, ನಿಮ್ಮ ಮಗಳು ಕೇಳಿದ ಪ್ರಶ್ನೆಯನ್ನೇ ಕಮಿಟಿ ಮುಂದೆ ಇಡಿ. ಅದಕ್ಕಿಂತ ಒಳ್ಳೆ ಶುರು ಬೇರೆ ಇಲ್ಲ.

ನಾನು ಫ್ಯಾಕ್ಟರಿ ಕ್ಯಾಂಟೀನ್ ಸ್ಟೋರ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ನಮ್ಮ ಚರ್ಚ್‌ನ ವಿನ್ಸೆಂಟ್ ಡಿ ಪಾಲ್ ಸಭೆಯಲ್ಲಿ, ಅಂದರೆ ಬಡವರಿಗೆ ಸಹಾಯ ಮಾಡುವ ಚರ್ಚ್ ಸದಸ್ಯರ ಸಂಘದಲ್ಲಿ, ಮದುವೆಗೆ ಮುಂಚಿನಿಂದ ಇದ್ದೇನೆ. ಮೇಲಿನ ತಮ್ಮ ಹೇಳಿದ್ದು ಲಾಕ್‌ಡೌನ್ ಮಟ್ಟಿಗೆ ಪೂರ್ತಿ ನಿಜ. ಆಗ ಕೆಲಸ ಇಲ್ಲ, ಬಸ್ ಇಲ್ಲ, ಅಕ್ಕಿ ಮುಟ್ಟಿಸೋದೇ ದೊಡ್ಡ ಸೇವೆ. ಈಗಿನ ಕಷ್ಟ ಬೇರೆ ಥರ ಇದೆ.

ಮೊದಲು ನಮ್ಮ ಸಭೆ ಹೇಗೆ ಕೆಲಸ ಮಾಡುತ್ತದೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು. 1833ರಲ್ಲಿ ಪ್ಯಾರಿಸ್‌ನಲ್ಲಿ ಇದು ಶುರುವಾಯಿತು. ಫ್ರೆಡರಿಕ್ ಓಜಾನಾಂ ಅನ್ನೋ ಕಾಲೇಜು ಹುಡುಗ, ಆಗ 20 ವರ್ಷ. "ನಿಮ್ಮ ಧರ್ಮಸಭೆ ಇವತ್ತು ಬಡವರಿಗೆ ಏನು ಮಾಡುತ್ತಿದೆ?" ಅಂತ ಚರ್ಚಾಕೂಟದಲ್ಲಿ ಯಾರೋ ಅವನನ್ನು ಕೇಳಿದರು. ಅವನು ಮತ್ತು ಸ್ನೇಹಿತರು ಮಾತು ಬಿಟ್ಟು ಬಡವರ ಮನೆಗಳಿಗೆ ಹೋಗಲು ಶುರು ಮಾಡಿದರು. ಅವರಿಗೆ ದಾರಿ ತೋರಿಸಿದವರು ಸಿಸ್ಟರ್ ರೋಸಲಿ ರೆಂಡು. ಆ ಸಿಸ್ಟರ್ ಹುಡುಗರ ಕೈಗೆ ಬ್ರೆಡ್ಡಿನ ಚೀಟಿ, ಕಲ್ಲಿದ್ದಲಿನ ಚೀಟಿ ಕೊಟ್ಟು ಮನೆಮನೆಗೆ ಕಳಿಸುತ್ತಿದ್ದರು. ಬಡವರನ್ನು ಒಂದು ಕಡೆ ಕರೆಸಿ ಸಾಲಿನಲ್ಲಿ ನಿಲ್ಲಿಸಲಿಲ್ಲ. ನಿಮ್ಮ ಕಮಿಟಿಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಇದೊಂದೇ: ನೀವೇ ಅವರ ಮನೆಗೆ ಹೋಗಿ.

ಇವತ್ತಿಗೂ ನಮ್ಮಲ್ಲಿ ಅದೇ ಕ್ರಮ. ವಾರಕ್ಕೊಮ್ಮೆ ಸೇರುತ್ತೇವೆ. ಪ್ರಾರ್ಥನೆ ಆದಮೇಲೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತದೆ, ಸೀಕ್ರೆಟ್ ಬ್ಯಾಗ್ ಅಂತೀವಿ. ಎಲ್ಲರೂ ಕೈ ಒಳಗೆ ಹಾಕುತ್ತಾರೆ. ಯಾರು ಎಷ್ಟು ಹಾಕಿದರು, ಹಾಕಿದರೋ ಇಲ್ಲವೋ ಯಾರಿಗೂ ಗೊತ್ತಾಗಲ್ಲ. ನಮ್ಮ ಸದಸ್ಯರಲ್ಲೇ ಕೆಲವರಿಗೆ ಕೈ ಕಟ್ಟಿದ ತಿಂಗಳು ಇರುತ್ತದೆ, ಅವರಿಗೂ ಮುಜುಗರ ಆಗಬಾರದು ಅಲ್ವಾ? ಆಮೇಲೆ ನಾವು ನೋಡಿಕೊಳ್ಳುವ ಕುಟುಂಬಗಳ ವಿಷಯ ಒಂದೊಂದಾಗಿ ಬರುತ್ತದೆ. ಮನೆ ಭೇಟಿಗೆ ಇಬ್ಬರು ಹೋಗಬೇಕು, ಒಬ್ಬರೇ ಹೋಗುವಂತಿಲ್ಲ. ಹೋದ ಮನೆಗೇ ಮತ್ತೆ ಮತ್ತೆ ಹೋಗಬೇಕು. ಜಾತಿ, ಧರ್ಮ ಕೇಳುವಂತಿಲ್ಲ. ನಾವು ಹೋಗುವ ಮನೆಗಳಲ್ಲಿ ಗಣಪತಿ ಫೋಟೊ ಇರುವ ಮನೆಯೂ ಇದೆ, ಮೆಕ್ಕಾ ಫೋಟೊ ಇರುವ ಮನೆಯೂ ಇದೆ. ಅವರಾಗಿ ಕೇಳದೆ ಅಲ್ಲಿ ನಾವು ಪ್ರಾರ್ಥನೆ ಶುರು ಮಾಡಲ್ಲ. ಸಹಾಯದ ಹಿಂದೆ ಬೇರೆ ಉದ್ದೇಶ ಇದೆ ಅನ್ನೋ ಅನುಮಾನ ಒಂದು ಸಲ ಹುಟ್ಟಿದರೆ ಆ ಮನೆ ಬಾಗಿಲು ಮತ್ತೆ ತೆರೆಯಲ್ಲ.

ಈಗ ನಿಮ್ಮ ಕಿಟ್‌ಗೆ ಬರೋಣ. ಅದರಲ್ಲಿ ಅಕ್ಕಿ ಎಷ್ಟಿದೆ? ಬಿಪಿಎಲ್ ಕಾರ್ಡ್ ಇರುವ ಮನೆಗೆ ಅನ್ನಭಾಗ್ಯದ ಅಕ್ಕಿ ಡಿಪೋದಿಂದ ಬರುತ್ತದೆ. ಅವರಿಗೆ ಸಾಲದೆ ಬರೋದು ತೊಗರಿಬೇಳೆ, ಎಣ್ಣೆ, ಗ್ಯಾಸ್, ಮನೆ ಬಾಡಿಗೆ, ಶುಗರ್ ಮಾತ್ರೆ, ಕನ್ನಡಕ. ಅಕ್ಕಿ ನಿಜವಾಗಿ ಬೇಕಾಗಿರೋದು ಕಾರ್ಡ್ ಇಲ್ಲಿ ಇಲ್ಲದವರಿಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ತಗಡಿನ ಶೆಡ್‌ನಲ್ಲಿ ಇರುವವರು. ಕಾರ್ಡ್ ಊರಿನಲ್ಲಿ ಅಪ್ಪ ಅಮ್ಮನ ಹತ್ತಿರ ಇರುತ್ತದೆ, ಅಲ್ಲಿಯ ಅಕ್ಕಿ ಅವರಿಗೇ ಬೇಕು. ಚರ್ಚ್ ಪಟ್ಟಿಯಲ್ಲಿ ಇಂಥವರ ಹೆಸರು ಸಾಮಾನ್ಯವಾಗಿ ಇರಲ್ಲ. ಯಾಕೆಂದರೆ ಪಟ್ಟಿ ಬರೆಯುವವರಿಗೆ ಅವರ ಪರಿಚಯವೇ ಇಲ್ಲ. ಆದ್ದರಿಂದ 60 ಕುಟುಂಬ ಯಾವುದು ಅನ್ನೋದನ್ನು ನಡೆದು ನೋಡಿ ತೀರ್ಮಾನ ಮಾಡಿ.

ಇನ್ನೊಂದು ಕೆಲಸ ಇದೆ, ಅದು ಫೋಟೊಗೆ ಸಿಗಲ್ಲ. ಅದೇ ಅರ್ಜಿ ಕೆಲಸ. ನಮ್ಮ ಬೀದಿ ಹಿಂದೆ ಒಬ್ಬ ಅಜ್ಜಿ ಇದ್ದಾರೆ, ಹೂ ಕಟ್ಟಿ ಮಾರುತ್ತಾರೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತಿಂಗಳಿಗೆ 1,200 ರೂಪಾಯಿ. ಅಜ್ಜಿಗೆ ಅದು ಬರುತ್ತಿರಲಿಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಅದನ್ನು ಸರಿ ಮಾಡಿಸಲು ನಾಡಕಚೇರಿ, ಬ್ಯಾಂಕು, ಮತ್ತೆ ನಾಡಕಚೇರಿ ಅಂತ ಓಡಾಡಿದ್ದು ನಮ್ಮ ಸಭೆಯ ಇಬ್ಬರು ಹೆಂಗಸರು. ಅಜ್ಜಿ ಒಬ್ಬರೇ ಹೋಗಿದ್ದರೆ ಒಂದು ದಿನದ ಹೂವಿನ ವ್ಯಾಪಾರ ಹೋಗುತ್ತಿತ್ತು, "ನಾಳೆ ಬಾ" ಅನ್ನಿಸಿಕೊಂಡು ವಾಪಸ್ ಬರುತ್ತಿದ್ದರು. ಈಗ ಪಿಂಚಣಿ ಬರುತ್ತಿದೆ. ವರ್ಷಕ್ಕೆ 14,400 ರೂಪಾಯಿ ಆಯಿತು, ಅದೂ ಅವರ ಹಕ್ಕಿನ ದುಡ್ಡು, ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಯಾವ ಕಿಟ್ ಇದಕ್ಕೆ ಸಮ ಹೇಳಿ?

ಹಾಗಂತ ಕಿಟ್ ಬೇಡ ಅಂತ ನಾನು ಹೇಳಲ್ಲ. ಮಕ್ಕಳು ಏನಾದರೂ ಕೈಯಾರೆ ಮಾಡಬೇಕು ಅನ್ನೋದು ಸರಿ. ಕೊಡೋ ಕೆಲಸ ಅವರಿಂದ ಮಾಡಿಸಬೇಡಿ, ಕಟ್ಟೋ ಕೆಲಸ ಮಾಡಿಸಿ. ಒಂದು ಕ್ಲಾಸಿಗೆ ಬೇಳೆ, ಒಂದು ಕ್ಲಾಸಿಗೆ ಎಣ್ಣೆ, ಒಂದಕ್ಕೆ ಸೋಪು ಅಂತ ಹಂಚಿ. ತೂಕ ಹಾಕಲಿ, ಲೆಕ್ಕ ಬರೆಯಲಿ. ಸೋಪು ಮತ್ತು ಟೀ ಪುಡಿ ಒಂದೇ ಚೀಲದಲ್ಲಿ ಇಡಬೇಡಿ, ಟೀಗೆ ವಾಸನೆ ಹಿಡಿಯುತ್ತದೆ. ಎಣ್ಣೆ ಪ್ಯಾಕೆಟ್ ಅಡಿಯಲ್ಲಿಟ್ಟು ಮೇಲೆ ಬೇಳೆ ಹೇರಬೇಡಿ. ಪ್ಯಾಕೆಟ್ ಒಡೆದರೆ ಚೀಲದಲ್ಲಿರೋದೆಲ್ಲ ಹಾಳು. ಬೇಳೆಗೆ ಹುಳ ಬಂದಿದೆಯಾ ಬಿಡಿಸಿ ನೋಡಿ. ನಮ್ಮ ಮನೆ ಅಡುಗೆಗೆ ತರದ ಬೇಳೆಯನ್ನು ಬಡವರಿಗೆ ಅಂತ ತರಬಾರದು. ಚೀಲದ ಮೇಲೆ ಶಾಲೆ ಹೆಸರು, ಸ್ಪಾನ್ಸರ್ ಹೆಸರು ಬೇಡ. ಸಂಜೆ ದೊಡ್ಡವರು ಇಬ್ಬಿಬ್ಬರಾಗಿ ಮನೆಗೆ ಮುಟ್ಟಿಸಿ ಬರಲಿ, ಒಂದು ಹತ್ತು ನಿಮಿಷ ಕೂತು ಮಾತಾಡಲಿ. ಕೊಟ್ಟ ಕಾಫಿ ಕುಡಿಯಲಿ. ಕಾಫಿ ಬೇಡ ಅಂದರೆ ಅವರಿಗೆ ನೋವಾಗುತ್ತದೆ.

ಇನ್ನೂ ಒಳ್ಳೇದು ಅಂದರೆ ಅಲ್ಲಿಯ ಕಿರಾಣಿ ಅಂಗಡಿಯವರ ಜೊತೆ ಮಾತಾಡಿ ಚೀಟಿ ವ್ಯವಸ್ಥೆ ಮಾಡಿ. ಇಷ್ಟು ರೂಪಾಯಿಗೆ ಬೇಕಾದ್ದು ಅವರೇ ಆರಿಸಿ ತಗೊಳ್ಳಲಿ. ಮನೆಯಲ್ಲಿ ಮಗು ಇದ್ದವರು ಹಾಲಿನ ಪುಡಿ ತಗೊಳ್ಳುತ್ತಾರೆ, ವಯಸ್ಸಾದವರು ರವೆ ತಗೊಳ್ಳುತ್ತಾರೆ. ಅದು ನಮಗಿಂತ ಅವರಿಗೆ ಗೊತ್ತು.

ಆ "ಬಡವರ ದಿನ"ದ ಬಗ್ಗೆಯೂ ಒಂದು ಮಾತು. ಇದನ್ನು ಘೋಷಿಸಿದವರು ಪೋಪ್ ಫ್ರಾನ್ಸಿಸ್, 2016ರಲ್ಲಿ. ಮೊದಲ ಆಚರಣೆ 2017ರ ನವೆಂಬರ್‌ನಲ್ಲಿ. ಆ ದಿನ ಅವರು ವ್ಯಾಟಿಕನ್‌ನಲ್ಲಿ ಬಡವರ ಜೊತೆ ಒಂದೇ ಮೇಜಿನಲ್ಲಿ ಊಟಕ್ಕೆ ಕೂತರು. ನಿಮ್ಮ ಕಮಿಟಿಗೆ ಸ್ಟೇಜ್ ಬೇಕೇ ಬೇಕು ಅಂತಿದ್ದರೆ, ಅದರ ದುಡ್ಡಿನಲ್ಲಿ ಚರ್ಚ್ ಹಾಲ್‌ನಲ್ಲಿ ಊಟ ಇಡಿ. ಪೋಷಕರು, ಸಿಸ್ಟರ್‌ಗಳು, ಫಾದರ್, ಬಡಾವಣೆಯವರು ಎಲ್ಲ ಒಂದೇ ಪಂಕ್ತಿಯಲ್ಲಿ ಕೂರಲಿ. ಅತಿಥಿಗಳನ್ನು ಬೇಕಾದರೆ ಬಡಿಸಲು ಕರೆಯಿರಿ.

ಸೈನ್ಸ್ ಮಿಸ್:

ಅಂಕಲ್ ಹೇಳಿದ್ದಕ್ಕೆ ಶಾಲೆ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ. ನಾನು ಒಂದು ಅನುದಾನಿತ ಶಾಲೆಯಲ್ಲಿ ಟೀಚರ್.

ಫೋಟೊ ವಿಷಯ ಹುಷಾರು. ಕೆಲವು ಶಾಲೆಗಳು ಸೇವಾ ದಿನ ಅಂತ ಮಕ್ಕಳ ಆಶ್ರಮಗಳಿಗೆ ಹೋಗುತ್ತವೆ. ಅಲ್ಲಿರುವ ಮಕ್ಕಳ ಗುರುತು ಗೊತ್ತಾಗುವ ಫೋಟೊ, ಹೆಸರು ಹಾಕೋದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಶಾಲೆಯ ಫೇಸ್‌ಬುಕ್ ಪೇಜ್‌ಗೂ ಬೇಡ, ವಾಟ್ಸಾಪ್ ಸ್ಟೇಟಸ್‌ಗೂ ಬೇಡ.

ಎರಡನೆಯದು: ನಿಮ್ಮ ಶಾಲೆಯ ಹತ್ತಿರ ಇರುವ ದೊಡ್ಡ ಆಸ್ತಿ ದುಡ್ಡಲ್ಲ, ಸಂಜೆ ಖಾಲಿ ಇರುವ ಕೋಣೆಗಳು. ಒಂದೇ ರೂಮಿನ ಮನೆ, ಟಿವಿ ಓಡುತ್ತಿರುತ್ತದೆ, ತಮ್ಮ ಅಳುತ್ತಿರುತ್ತಾನೆ, ಹತ್ತನೇ ಕ್ಲಾಸಿನ ಹುಡುಗ ಎಲ್ಲಿ ಕೂತು ಓದಬೇಕು? ಸಂಜೆ ಐದರಿಂದ ಎಂಟರವರೆಗೆ ಎರಡು ಕ್ಲಾಸ್ ರೂಮ್ ತೆರೆದಿಡಲು ಸಿಸ್ಟರ್ ಒಪ್ಪಿದರೆ ಸಾಕು. ಬೆಳಕು, ಫ್ಯಾನು, ಕುಡಿಯುವ ನೀರು, ನೋಡಿಕೊಳ್ಳಲು ಇಬ್ಬರು ದೊಡ್ಡವರು. ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಚಿಕ್ಕ ಮಕ್ಕಳಿಗೆ ಗಣಿತ ಹೇಳಿಕೊಡಬಹುದು.

ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಅನ್ನೋ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ವರ್ಷಕ್ಕೆ 12,000 ರೂಪಾಯಿ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ತಯಾರಿಗೆ ಯಾರಾದರೂ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿದರೆ ಮಕ್ಕಳು ಪಾಸಾಗುತ್ತಾರೆ, ನಾನು ಕಣ್ಣಾರೆ ನೋಡಿದ್ದೇನೆ. ಅರ್ಜಿ ತುಂಬುವಾಗ ಮಾತ್ರ ಆಧಾರ್ ನಂಬರ್, ಒಟಿಪಿ ಎಲ್ಲ ಆ ಮನೆಯ ದೊಡ್ಡವರ ಕೈಯಲ್ಲೇ ಇರಲಿ. ವಿದ್ಯಾರ್ಥಿಗಳ ಫೋನಿಗೆ ಬೇಡ.

ಒಂಬತ್ತನೇ ಕ್ಲಾಸ್ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಿಸ್ಟರ್ ಹತ್ತಿರ ಮಾತಾಡಿದೆ. ಸಂಜೆ ಕ್ಲಾಸ್ ರೂಮ್ ತೆರೆಯುವ ವಿಷಯ ಅವರಿಗೆ ತುಂಬಾ ಹಿಡಿಸಿತು, ವಾಚ್‌ಮನ್ ಡ್ಯೂಟಿ ನೋಡಿ ಹೇಳುತ್ತೇನೆ ಅಂದರು. ಸ್ಟೇಜ್ ಬದಲು ಊಟ ಅನ್ನೋದಕ್ಕೆ ಕಮಿಟಿಯಲ್ಲಿ ಇಬ್ಬರು ಒಪ್ಪಿಲ್ಲ, ಮುಂದಿನ ಮೀಟಿಂಗ್‌ಗೆ ಹೋಗಿದೆ.

ಅಂಕಲ್, ಒಂದು ಸಣ್ಣ ಪ್ರಶ್ನೆ. ನಮ್ಮ ಮನೆಗೆ ಬರುವ ಅಕ್ಕನ ಹೆಸರು ಪಟ್ಟಿಗೆ ಸೇರಿಸಲಾ?

ಹಳೇ ಸ್ಟೋರ್ ಕೀಪರ್:

ಬೇಡಮ್ಮಾ, ನೀವು ಸೇರಿಸಬೇಡಿ. ನಿಮ್ಮ ಮನೆಯಲ್ಲಿ ದುಡಿಯುವವರಿಗೆ ನೀವು ಕೊಡಬೇಕಾದ್ದು ಒಳ್ಳೆ ಸಂಬಳ, ವಾರಕ್ಕೊಂದು ರಜೆ, ಹುಷಾರಿಲ್ಲದಾಗ ಸಂಬಳ ಹಿಡಿಯದೆ ಇರೋದು. ಅದು ದಾನದ ಲೆಕ್ಕಕ್ಕೆ ಬರಬಾರದು. ಅದರಾಚೆ ಅವರಿಗೆ ಸಹಾಯ ಬೇಕಿದ್ದರೆ, ಬೇರೆಯವರ ಮೂಲಕ ಹೋದರೆ ಒಳ್ಳೇದು. ನಾಳೆ ಅವರು ನಿಮ್ಮ ಹತ್ತಿರ ಸಂಬಳ ಜಾಸ್ತಿ ಕೇಳಲು ಹಿಂಜರಿಯುವ ಹಾಗೆ ಆಗಬಾರದು.

ನಿಮ್ಮ ಚರ್ಚ್‌ನಲ್ಲೂ ವಿನ್ಸೆಂಟ್ ಡಿ ಪಾಲ್ ಸಭೆ ಇದೆಯಾ ಅಂತ ಚರ್ಚ್ ಆಫೀಸಿನಲ್ಲಿ ಕೇಳಿ. ಇದ್ದರೆ ಮೀಟಿಂಗ್ ಯಾವಾಗ ಅಂತ ಅವರೇ ಹೇಳುತ್ತಾರೆ. ಅಕ್ಕನಿಗೆ ಇಷ್ಟ ಇದೆಯಾ ಅಂತ ಮೊದಲು ಕೇಳಿ, ಹೂಂ ಅಂದರೆ ಮಾತ್ರ ಅವರ ವಿಳಾಸ ಸಭೆಯವರಿಗೆ ಕೊಡಿ. ಮಿಕ್ಕಿದ್ದು ಅವರು ಮನೆಗೆ ಹೋಗಿ ಮಾತಾಡಿಕೊಳ್ಳುತ್ತಾರೆ. ಅವರ ಮಗನಿಗೆ ಮಾತ್ರ ಈಗಲೇ ಹೇಳಿಬಿಡಿ: ಕ್ಲಾಸ್ ರೂಮ್ ತೆರೆದ ಮೊದಲ ದಿನವೇ ಬಂದು ಕೂರಲಿ, ಹತ್ತನೇ ಕ್ಲಾಸ್ ಪರೀಕ್ಷೆಗೆ ಜಾಸ್ತಿ ಸಮಯ ಇಲ್ಲ.