ತೋಟ ಅಡವಿಟ್ಟು ಪೈಲಟ್ ಓದಿಸಬೇಕಾ, ಮೊದಲು ಸೇನೆಗೆ ಕಳಿಸಬೇಕಾ?

ತೋಟದ ಮನೆ, ಶಿರಸಿ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 21. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇತ್ತು. ಈ ವರ್ಷ ಬಿಎಸ್ಸಿ ಮುಗಿಯುತ್ತದೆ. ಪೈಲಟ್ ಆಗುತ್ತೇನೆ ಅಂತ ಹೈಸ್ಕೂಲಿನಿಂದ ಹೇಳುತ್ತಾ ಬಂದಿದ್ದಾಳೆ. ನಮಗಿರುವುದು ಎರಡು ಎಕರೆ ಅಡಿಕೆ ತೋಟ. ಫ್ಲೈಯಿಂಗ್ ಸ್ಕೂಲಿನಲ್ಲಿ ವಿಚಾರಿಸಿದೆ, ಎಲ್ಲಾ ಸೇರಿ 50 ಲಕ್ಷದ ಹತ್ತಿರ ಹೇಳಿದರು. ಇನ್ನೊಂದು ದಾರಿ, ಎಎಫ್‌ಕ್ಯಾಟ್ ಅಂತ ವಾಯುಪಡೆಯ ಆಫೀಸರ್ ಆಯ್ಕೆ ಪರೀಕ್ಷೆ ಬರೆಯುವುದು. ಸರ್ಕಾರದ ಖರ್ಚಿನಲ್ಲಿ ಹಾರಾಟ ಕಲಿತು ಆಮೇಲೆ ಏರ್‌ಲೈನ್ಸ್‌ಗೆ ಬರಬಹುದು ಅಂತ ಕೆಲವರು ಹೇಳುತ್ತಾರೆ. ತೋಟ ಅಡವಿಡಬೇಡ ಅಂತ ತಮ್ಮ ಹಟ ಹಿಡಿದಿದ್ದಾನೆ. ಮನೆಯವಳು ಮಗಳ ಪರ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಬಿಡಿಸಿ ಹೇಳಿ.

ಹೊನ್ನಾವರದ ಬ್ಯಾಂಕಿನವ
ಹಾರಾಟದ ವಿಷಯ ನನಗೆ ಗೊತ್ತಿಲ್ಲ, ಸಾಲದ ವಿಷಯ ಮಾತ್ರ ಹೇಳುತ್ತೇನೆ. ಶೇ 10ರ ಬಡ್ಡಿಯಲ್ಲಿ 50 ಲಕ್ಷ ತೆಗೆದು 10 ವರ್ಷದಲ್ಲಿ ತೀರಿಸುವುದಾದರೆ ಕಂತು ತಿಂಗಳಿಗೆ ಸುಮಾರು 66 ಸಾವಿರ. 15 ವರ್ಷ ಅಂದರೂ 54 ಸಾವಿರದ ಹತ್ತಿರ. ಓದು ಮುಗಿಯುವವರೆಗೆ ಕಂತು ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಪೂರ್ತಿ ಹಣ ಬಿಡುಗಡೆ ಆದ ಮೇಲೆ ವರ್ಷಕ್ಕೆ 5 ಲಕ್ಷ ಬಡ್ಡಿ ಸುಮ್ನೆ ಏರುತ್ತಾ ಇರುತ್ತದೆ. ಇನ್ನೊಂದು ಮಾತು. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅವಕಾಶ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯ ಆಗುವುದಿಲ್ಲ. ಅದಕ್ಕೇ ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಎಷ್ಟೋ ಶಾಖೆಗಳು ತೋಟವನ್ನು ಭದ್ರತೆ ಅಂತ ಒಪ್ಪುವುದಿಲ್ಲ, ಮನೆ ಅಥವಾ ಎನ್‌ಎ (ಕೃಷಿಯೇತರ) ಆದ ಸೈಟು ಕೇಳುತ್ತಾರೆ. ಶಾಲೆಗೆ ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಶಾಖೆಯಲ್ಲಿ ಇದನ್ನು ಕೇಳಿಕೊಳ್ಳಿ.

ಕುಮಟಾದ ಫಸ್ಟ್ ಆಫೀಸರ್
ನಾನು ಸಾಲ ಮಾಡಿಯೇ ಬಂದವನು. ಆದರೂ ಸೀದಾ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಮಾಡಿಸಿ ಅಂತಲೇ ಹೇಳುತ್ತೇನೆ.

ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ನಾವೇ ಕಮಾಂಡ್‌ನಲ್ಲಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು, ಇರಬೇಕು. ನ್ಯಾವಿಗೇಶನ್, ಮೆಟಿಯರಾಲಜಿ, ರೆಗ್ಯುಲೇಶನ್, ಟೆಕ್ನಿಕಲ್ ಪೇಪರ್‌ಗಳಲ್ಲಿ ಪಾಸಾಗಲು ನೂರಕ್ಕೆ 70 ಬರಬೇಕು. ಅದೆಲ್ಲಾ ಓದಿದರೆ ಆಗುತ್ತದೆ. ಕಷ್ಟ ಶುರುವಾಗುವುದು ಲೈಸೆನ್ಸ್ ಕೈಗೆ ಬಂದ ಮೇಲೆ. ನಾನು 19 ತಿಂಗಳು ಕೆಲಸ ಇಲ್ಲದೆ ಕುಮಟಾದಲ್ಲಿ ಕೂತಿದ್ದೆ. ಬೆಳಿಗ್ಗೆ ಪಿಯುಸಿ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್, ಮಧ್ಯಾಹ್ನ ಫೋನ್ ಹಿಡಿದು ಯಾವ ಕಂಪನಿ ಯಾವಾಗ ಕರೆಯುತ್ತದೆ ಅಂತ ನೋಡುವುದು. ಆ ಹೊತ್ತಿನಲ್ಲೂ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ನವೀಕರಿಸಬೇಕು, ಮೆಡಿಕಲ್ ಮಾಡಿಸಬೇಕು, ಎರಡಕ್ಕೂ ದುಡ್ಡು. ಟೈಪ್ ರೇಟಿಂಗ್, ಅಂದರೆ ಎ320 ಅಥವಾ 737 ಅಂತ ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ, ಅದರ ಖರ್ಚು ಬೇರೆ. ಅದು ಆ 50 ಲಕ್ಷದಲ್ಲಿ ಸೇರಿದೆಯಾ ಅಂತ ಶಾಲೆಯವರನ್ನು ಕೇಳಿ.

ಇಷ್ಟೆಲ್ಲಾ ಆದರೂ ಯಾಕೆ ಸೀದಾ ಬನ್ನಿ ಅನ್ನುತ್ತೇನೆ ಅಂದರೆ, ಏರ್‌ಲೈನ್ಸ್‌ನಲ್ಲಿ ಸೀನಿಯಾರಿಟಿ ಲೆಕ್ಕ ಹಾಕುವುದು ಕಂಪನಿಗೆ ಸೇರಿದ ದಿನದಿಂದ. 25ಕ್ಕೆ ಸೇರಿದವಳಿಗೂ 38ಕ್ಕೆ ಸೇರಿದವಳಿಗೂ 13 ವರ್ಷ ವ್ಯತ್ಯಾಸ. ಇಬ್ಬರೂ ನಿಲ್ಲಿಸಬೇಕಾದ ವಯಸ್ಸು ಮಾತ್ರ ಒಂದೇ, 65.

ಬೈತಖೋಲ
ನಾನು ನೌಕಾಪಡೆಯಲ್ಲಿ ಶಾರ್ಟ್ ಸರ್ವಿಸ್ (ಇಂತಿಷ್ಟೇ ವರ್ಷದ ಆಫೀಸರ್ ಸೇವೆ) ಮುಗಿಸಿ ಬಂದ ಪೈಲಟ್. ಡಾರ್ನಿಯರ್ ವಿಮಾನ ಹಾರಿಸುತ್ತಿದ್ದೆ, ಈಗ ಏರ್‌ಲೈನ್ಸ್‌ನಲ್ಲಿದ್ದೇನೆ. ಕುಮಟಾದ ತಮ್ಮ ಹೇಳಿದ ಸೀನಿಯಾರಿಟಿ ಮಾತು ನಿಜ. ಮೊದಲ ವರ್ಷ ನನ್ನ ಎಡಗಡೆ ಕೂತ ಕ್ಯಾಪ್ಟನ್ ನನಗಿಂತ ಆರು ವರ್ಷ ಚಿಕ್ಕವನು. ಅದರಲ್ಲಿ ನನಗೆ ಬೇಜಾರಿಲ್ಲ. ನನ್ನ ತಲೆ ಮೇಲೆ ಒಂದು ರೂಪಾಯಿ ಸಾಲ ಇರಲಿಲ್ಲ.

ಆದರೆ ಸೇನೆಯ ದಾರಿ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. ಎಎಫ್‌ಕ್ಯಾಟ್‌ನಲ್ಲಿ ಫ್ಲೈಯಿಂಗ್ ಬ್ರಾಂಚ್‌ಗೆ ವಯಸ್ಸು 20ರಿಂದ 24. ಸಿಪಿಎಲ್ ಇದ್ದವರಿಗೆ 26ರ ತನಕ. ಎತ್ತರ 162.5 ಸೆಂಟಿಮೀಟರ್ ಇರಬೇಕು. ಕಾಲಿನ ಉದ್ದ, ಕೂತಾಗಿನ ಎತ್ತರ ಎಲ್ಲಾ ಅಳೆಯುತ್ತಾರೆ. ಆಯ್ಕೆ ಮಂಡಳಿ ಮೈಸೂರಿನಲ್ಲೂ ಇದೆ. ಅಲ್ಲಿ ಸಿಪಿಎಸ್‌ಎಸ್ ಅಂತ ಒಂದು ಕಂಪ್ಯೂಟರ್ ಪರೀಕ್ಷೆ ಬರುತ್ತದೆ, ಕೈ, ಕಾಲು, ಕಣ್ಣು ಮೂರನ್ನೂ ಒಟ್ಟಿಗೆ ಓಡಿಸಬೇಕು. ಅದು ಜೀವಮಾನದಲ್ಲಿ ಒಂದೇ ಸಲ. ಫೇಲಾದರೆ ಸೇನೆಯಲ್ಲಿ ಪೈಲಟ್ ಆಗುವ ಬಾಗಿಲು ಮುಚ್ಚಿತು. ಹಾಗಾಗಿ 'ಒಂದು ಸಲ ನೋಡಿ ಬರೋಣ' ಅಂತ ಜ್ವರ ಬಂದ ದಿನ, ನಿದ್ದೆ ಇಲ್ಲದ ದಿನ ಹೋಗಿ ಕೂರಬಾರದು.

ಆಯ್ಕೆ ಆದರೂ ಫೈಟರ್, ಟ್ರಾನ್ಸ್‌ಪೋರ್ಟ್, ಹೆಲಿಕಾಪ್ಟರ್ ಯಾವುದು ಸಿಗುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹೆಲಿಕಾಪ್ಟರ್ ಸಿಕ್ಕಿದವನ ಗಂಟೆಗಳನ್ನು ಏರ್‌ಬಸ್ ಕೆಲಸಕ್ಕೆ ಹಾಗೇ ಎತ್ತಿಕೊಂಡು ಬರಲು ಆಗುವುದಿಲ್ಲ. ಹೆಲಿಕಾಪ್ಟರ್‌ಗೆ ಸಿವಿಲ್ ಲೈಸೆನ್ಸೇ ಬೇರೆ, ಕೆಲಸಗಳೂ ಬೇರೆ, ಮುಂಬೈ ಜುಹುವಿನಿಂದ ಸಮುದ್ರದೊಳಗಿನ ತೈಲ ಬಾವಿಗಳಿಗೆ ಜನ ಸಾಗಿಸುವಂಥವು. ಟ್ರಾನ್ಸ್‌ಪೋರ್ಟ್ ಆದರೆ ದಾರಿ ಸಲೀಸು. ಹಾಗಿದ್ದರೂ ಪರೀಕ್ಷೆ, ಮೆಡಿಕಲ್, ಟೈಪ್ ರೇಟಿಂಗ್ ತಪ್ಪಿದ್ದಲ್ಲ.

ಪಿಂಚಣಿಯ ಮಾತು ಯಾರೂ ಮೊದಲೇ ಹೇಳುವುದಿಲ್ಲ. ಆಫೀಸರ್‌ಗೆ ಪಿಂಚಣಿ ಬರಬೇಕಾದರೆ 20 ವರ್ಷ ಸೇವೆ ಆಗಬೇಕು. ಶಾರ್ಟ್ ಸರ್ವಿಸ್ ಪೈಲಟ್ 14 ವರ್ಷಕ್ಕೆ ಹೊರಗೆ ಬರುತ್ತಾನೆ. ಗ್ರಾಚ್ಯುಟಿ ಇದೆ, ಪಿಂಚಣಿ ಇಲ್ಲ.

ಸದಾಶಿವಗಡದವ
ನನಗೆ ಈ ಚರ್ಚೆ ಓದಿ ಸ್ವಲ್ಪ ನೋವಾಯಿತು. ಸೇನೆ ಅಂದರೆ ಪುಕ್ಕಟೆ ಫ್ಲೈಯಿಂಗ್ ಸ್ಕೂಲಾ? ಮೊದಲು ಅಲ್ಲಿ ಕಲಿತು ಆಮೇಲೆ ಏರ್‌ಲೈನ್ಸ್ ಅಂತ ಲೆಕ್ಕ ಹಾಕಿಕೊಂಡು ಯೂನಿಫಾರ್ಮ್ ಹಾಕುವವರು ಇಲ್ಲಿಗೆ ಬರಬಾರದು ಅಂತ ನನ್ನ ಅಭಿಪ್ರಾಯ.

ನಾನು ಆಫೀಸರ್ ಅಲ್ಲ, ಸೇಲರ್. ನೌಕಾಪಡೆಯ ಟುಪೊಲೆವ್ ವಿಮಾನದಲ್ಲಿ ಏರ್‌ಕ್ರೂ ಆಗಿದ್ದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಪಕ್ಕ ನಿಲ್ಲಿಸಿದ್ದಾರಲ್ಲ, ಅದೇ ಟಿಯು-142. ನಾಲ್ಕು ಇಂಜಿನ್, ಒಂದೊಂದಕ್ಕೂ ಒಂದರ ಹಿಂದೊಂದು ಉಲ್ಟಾ ತಿರುಗುವ ಜೋಡಿ ಪ್ರೊಪೆಲರ್, ಒಟ್ಟು ಎಂಟು. ಆ ಸದ್ದಿನೊಳಗೆ ಹತ್ತು ಗಂಟೆ ಕೂರಬೇಕು. ನನ್ನ ಕೆಲಸ ಸೋನೋಬಾಯ್ ಕೇಳುವುದು. ವಿಮಾನದಿಂದ ಸಮುದ್ರಕ್ಕೆ ಕೊಳವೆಯಂಥ ಯಂತ್ರ ಬೀಳಿಸುತ್ತೇವೆ, ಅದು ನೀರಿನೊಳಗಿನ ಸದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಕಳಿಸುತ್ತದೆ, ಅದರಲ್ಲಿ ಸಬ್‌ಮರೀನ್ ಇದೆಯಾ ಅಂತ ನಾವು ಹುಡುಕಬೇಕು. ಆಳ ಕಡಿಮೆ ಇರುವಲ್ಲಿ ಮೊದಲು ಕೇಳುವುದೇ ಕೊಂಡಿ ಚಿಟಿಕೆ ಹೊಡೆಯುವ ಒಂದು ಜಾತಿಯ ಸಿಗಡಿ ಸದ್ದು. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಚಟಪಟ ಅಂತ ನಿಲ್ಲುವುದೇ ಇಲ್ಲ. ನಾನು ಮೀನುಗಾರರ ಮನೆಯವನು. ಹುಟ್ಟಿದಾಗಿನಿಂದ ಸಿಗಡಿ ತಿಂದವನಿಗೆ ಅದರಲ್ಲೊಂದು ಜಾತಿ ಹೀಗೆ ಸದ್ದು ಮಾಡುತ್ತದೆ ಅಂತ ಗೊತ್ತಾಗಿದ್ದು ಆ ಹೆಡ್‌ಫೋನಿನಲ್ಲಿ. ಅದರ ಹಿಂದೆ ಅಡಗಿದ ಬೇರೆ ಸದ್ದನ್ನು ಹಿಡಿಯುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಈಗ ಕೇಳಿ. 2017ರ ಮಾರ್ಚ್‌ನಲ್ಲಿ ಅರಕ್ಕೋಣಂನಲ್ಲಿ ಟುಪೊಲೆವ್‌ಗೆ ವಿದಾಯ ಆಯಿತು. ಅದರಲ್ಲಿ ಹತ್ತಕ್ಕೂ ಜಾಸ್ತಿ ಜನ ಇರುತ್ತಿದ್ದೆವು. ಬಾಲದಲ್ಲಿ ಗನ್ನರ್‌ಗೇ ಒಂದು ಸೀಟು ಇತ್ತು. ಅದರ ಜಾಗಕ್ಕೆ ಬಂದ ಪಿ-8ಐನಲ್ಲಿ ಆ ಸೀಟೂ ಇಲ್ಲ, ಫ್ಲೈಟ್ ಇಂಜಿನಿಯರ್ ಸೀಟೂ ಇಲ್ಲ. ನಾನು ಹೊರಗೆ ಬಂದಾಗ 15 ವರ್ಷ ದಾಟಿತ್ತು, ಸೇಲರ್‌ಗೆ ಅಷ್ಟಕ್ಕೆ ಪಿಂಚಣಿ ಸಿಗುತ್ತದೆ, ಹಾಗಾಗಿ ಮನೆ ನಡೆಯಿತು. ಆದರೆ ಸಬ್‌ಮರೀನ್ ಸದ್ದು ಕೇಳುವವನಿಗೆ ಸಿವಿಲ್‌ನಲ್ಲಿ ಯಾವ ಕೆಲಸ ಇದೆ? ಸಂದರ್ಶನದಲ್ಲಿ ಕೇಳಿದವರಿಗೆ ನನ್ನ ಕೆಲಸ ವಿವರಿಸುವುದೇ ಕಷ್ಟ ಆಗುತ್ತಿತ್ತು. ಕೊನೆಗೆ ಮಾಜಿ ಸೈನಿಕರ ಕೋಟಾದಲ್ಲಿ ಕ್ಲರ್ಕ್ ಆದೆ. ವಿಮಾನದಲ್ಲಿ ರೇಡಾರ್, ಸೆನ್ಸರ್ ನೋಡಿಕೊಳ್ಳುವ ನೌಕಾಪಡೆಯ ಅಬ್ಸರ್ವರ್ ಆಫೀಸರ್‌ಗಳದ್ದೂ ಇದೇ ಕಥೆ. ವಿಮಾನದಲ್ಲಿ ಸಾವಿರಾರು ಗಂಟೆ ಕೂತಿರುತ್ತಾರೆ, ಆದರೂ ಲೈಸೆನ್ಸ್ ಕೊಡುವ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಲೆಕ್ಕದಲ್ಲಿ ಅವರು ಪೈಲಟ್ ಅಲ್ಲ. ಸೇರುವಾಗ ಯಾವ ಸೀಟು ಅಂತ ನೋಡಿ ಸೇರಬೇಕು.

ಬೈತಖೋಲ
ಅಣ್ಣಾ, ನಿಮ್ಮ ಕೋಪ ನನಗೆ ಅರ್ಥ ಆಗುತ್ತದೆ. ಆದರೆ 14 ವರ್ಷಕ್ಕೆ ಹೊರಗೆ ಕಳಿಸುವುದು ಸೇನೆಯೇ ಮಾಡಿದ ನಿಯಮ. 37, 38ಕ್ಕೆ ಮನೆಗೆ ಬರುವವನು ಮುಂದಿನ 27 ವರ್ಷ ಏನು ಮಾಡಬೇಕು ಅಂತ 21ರಲ್ಲೇ ಯೋಚಿಸಿದರೆ ತಪ್ಪೇನು? ರಾತ್ರಿ ಸಮುದ್ರದ ಮೇಲೆ ಕೆಳಮಟ್ಟದಲ್ಲಿ ಹಾರುವಾಗ ನಾನು ಏರ್‌ಲೈನ್ಸ್ ಬಗ್ಗೆ ಯೋಚಿಸಿದ್ದೇ ಇಲ್ಲ.

ಸದಾಶಿವಗಡದವ
ನೀವು ಯೋಚಿಸಲಿಲ್ಲ ತಮ್ಮಾ. ಸೇರುವ ಮೊದಲೇ ಯೋಚಿಸುವವರಿಗೆ ಹೇಳಿದೆ. ನನ್ನ ಮಾತು ಬದಲಾಗುವುದಿಲ್ಲ.

ಕೇಣಿ ಹುಡುಗಿ
ಅಂಕೋಲಾದವಳು. ಏಳು ವರ್ಷದಿಂದ ಕ್ಯಾಬಿನ್ ಕ್ರೂ, ಮುಂಬೈ ಬೇಸ್. ಪೈಲಟ್ ಆಗದಿದ್ದರೆ ಕ್ಯಾಬಿನ್ ಕ್ರೂ ಆಗಲಿ ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಅದೊಂದು ಬೇರೆಯೇ ಕೆಲಸ, ಉಳಿದಿದ್ದನ್ನು ಬಳಿದುಕೊಳ್ಳುವ ಕೆಲಸ ಅಲ್ಲ. ನಮ್ಮ ಕಡೆ ಹುಡುಗಿಯರಿಗೆ ಇದನ್ನೂ ಹೇಳಬೇಕು. ನಾನು ಒಂದು ತರಬೇತಿ ಸಂಸ್ಥೆಗೆ 1 ಲಕ್ಷ 20 ಸಾವಿರ ಕಟ್ಟಿದ್ದೆ, ಅಪ್ಪ ದೋಣಿಯ ಇಂಜಿನ್ ಮಾರಿ ಕೊಟ್ಟ ದುಡ್ಡು. ಮೇಕಪ್ ಮತ್ತು ನಡಿಗೆ ಬಿಟ್ಟರೆ ಏನೂ ಕಲಿಸಲಿಲ್ಲ. ಆ ಸರ್ಟಿಫಿಕೇಟನ್ನು ಸಂದರ್ಶನದಲ್ಲಿ ಯಾರೂ ತೆರೆದೂ ನೋಡಲಿಲ್ಲ. ಆಯ್ಕೆ ಆದ ಮೇಲೆ ಕಂಪನಿಯೇ ತರಬೇತಿ ಕೊಡುತ್ತದೆ. ಬೆಂಕಿ ಆರಿಸುವುದು, ಬಾಗಿಲು ತೆರೆಯುವುದು, ಹೆರಿಗೆ ನೋವು ಬಂದರೆ ಏನು ಮಾಡಬೇಕು, ಎಲ್ಲಾ. ನೀರಿನ ಡ್ರಿಲ್ ದಿನ ಬ್ಯಾಚಿನಲ್ಲಿ ಅರ್ಧ ಜನ ಈಜುಕೊಳದ ಅಂಚಿನಲ್ಲಿ ನಡುಗುತ್ತಾ ನಿಂತಿದ್ದರು. ಕೇಣಿ ಸಮುದ್ರದಲ್ಲಿ ಬೆಳೆದ ನನಗೆ ಅವತ್ತು ಊರಿನ ಮೇಲೆ ಎಷ್ಟು ಪ್ರೀತಿ ಬಂತೋ.

ವಿಮಾನ ಮೇಲೇಳುವಾಗ ನಾವು ಸುಮ್ನೆ ಕೂತಂತೆ ಕಾಣುತ್ತೇವೆ, ಅಲ್ವಾ? ಆ ಹೊತ್ತಿಗೆ ತಲೆಯಲ್ಲಿ ಒಂದೊಂದೇ ಓಡುತ್ತಿರುತ್ತದೆ. ನನ್ನ ಬಾಗಿಲು ಯಾವುದು, ಹೊರಗೆ ಬೆಂಕಿ ಇದ್ದರೆ ಯಾವ ಕಡೆ ಕಳಿಸಬೇಕು, ಮೂರನೇ ಸಾಲಿನ ಅಜ್ಜಿಯನ್ನು ಯಾರು ಎತ್ತುತ್ತಾರೆ, ಏನು ಕೂಗಬೇಕು. ಟೀ ಕೊಡುವುದು ಅದರ ನಂತರದ ಕೆಲಸ.

ಅರ್ಗಾ
ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಮನೆಯವನು ನಾನು. ಅಂಕೋಲಾದ ಅಲಗೇರಿಯಲ್ಲಿ ನೌಕಾಪಡೆ ವಿಮಾನ ನಿಲ್ದಾಣ ಬಂದು ಸಿವಿಲ್ ವಿಮಾನವೂ ಹಾರಿದರೆ ನಮ್ಮ ಮಕ್ಕಳಿಗೆ ಇಲ್ಲೇ ಇದ್ದುಕೊಂಡು ಈ ಕೆಲಸ ಮಾಡಲು ಆಗುತ್ತದಾ?

ಕುಮಟಾದ ಫಸ್ಟ್ ಆಫೀಸರ್
ಅಣ್ಣಾ, ಕ್ರೂ ಇರುವುದು ಕಂಪನಿಯ ಬೇಸ್‌ನಲ್ಲಿ, ಬೆಂಗಳೂರು, ಮುಂಬೈ, ಡೆಲ್ಲಿ ಇಂಥ ಕಡೆ. ಸಣ್ಣ ನಿಲ್ದಾಣದಲ್ಲಿ ಊರವರಿಗೆ ಸಿಗುವುದು ಗ್ರೌಂಡ್ ಕೆಲಸ, ಸೆಕ್ಯುರಿಟಿ, ಟ್ಯಾಕ್ಸಿ. ನೆಲ ಬಿಟ್ಟುಕೊಟ್ಟವರು ಆ ಕೆಲಸಗಳಲ್ಲಿ ತಮ್ಮ ಪಾಲನ್ನು ಈಗಲೇ ಬರಹದಲ್ಲಿ ಕೇಳಬೇಕು.

ನಾನು ಮೊದಲು ಬರೆಯದ ಒಂದು ವಿಷಯವೂ ಇದೆ. ಆಯಾಸ. ರಾತ್ರಿ ಎರಡಕ್ಕೆ ಎದ್ದು ಮೂರು ವಿಮಾನ ಇಳಿಸಿ ಬಂದವನಿಗೆ ಹಗಲು ನಿದ್ದೆ ಬರುವುದಿಲ್ಲ. ಹೊಸ ನಿಯಮದಲ್ಲಿ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಸಿದರು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳು ರೋಸ್ಟರ್‌ನಲ್ಲಿ ಇಲ್ಲದೆ 2025ರ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾದವು. ಜನ ಪೈಲಟ್‌ಗಳನ್ನು ಬೈದರು. ನನಗೆ ಆ 12 ಗಂಟೆ ಜಾಸ್ತಿ ಸಿಕ್ಕಿದ್ದು ಎಷ್ಟು ದೊಡ್ಡದು ಅಂತ ನನ್ನ ಹೆಂಡತಿಗೆ ಗೊತ್ತು.

ತೋಟದ ಮನೆ ಮಗಳು
ಅಪ್ಪ ಬರೆದಿದ್ದು ನನ್ನ ಬಗ್ಗೆ, ಹಾಗಾಗಿ ನಾನೂ ಬರೆಯುತ್ತೇನೆ. ಸದಾಶಿವಗಡದ ಮಾವ, ನಿಮ್ಮ ಮಾತನ್ನು ಎರಡು ಸಲ ಓದಿದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ನೌಕಾಪಡೆಯವರು ಗಂಗಾವಳಿ ನದಿಗೆ ಇಳಿದಿದ್ದನ್ನು ದಿನಾ ಟಿವಿಯಲ್ಲಿ ನೋಡುತ್ತಿದ್ದೆ. ಆ ಕೆಂಪು ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ, ಆದರೂ ಇಳಿಯುತ್ತಿದ್ದರು. ನನಗೆ ಯೂನಿಫಾರ್ಮ್ ಬೇಕು ಅನಿಸಿದ್ದು ಆವಾಗ, ಏರ್‌ಲೈನ್ಸ್ ಲೆಕ್ಕ ಅಪ್ಪನದ್ದು. ಹೆಲಿಕಾಪ್ಟರ್ ಸಿಕ್ಕರೂ ನನಗೆ ಸಂತೋಷವೇ. ಸಿಪಿಎಸ್‌ಎಸ್ ಒಂದೇ ಸಲ ಅಂತ ನನಗೆ ಗೊತ್ತಿರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಸಿಗದಿದ್ದರೆ ಮಾತ್ರ ತೋಟದ ಮಾತು ಬರಲಿ, ಅದೂ ಅಮ್ಮ, ಚಿಕ್ಕಪ್ಪ ಎಲ್ಲರೂ ಕೂತು.

ಸದಾಶಿವಗಡದವ
ತಂಗೀ, ಹಾಗಾದರೆ ಹೋಗು. ಕಾರವಾರಕ್ಕೆ ಬಂದಾಗ ತಿಳಿಸು, ಟುಪೊಲೆವ್ ಹತ್ತಿರ ನಿಂತು ಯಾರ ಸೀಟು ಎಲ್ಲಿತ್ತು ಅಂತ ತೋರಿಸುತ್ತೇನೆ.

ಬೈತಖೋಲ
ಯಾವ ದಾರಿಗೆ ಹೋದರೂ ಮೊದಲು ಮೆಡಿಕಲ್. ಡಿಜಿಸಿಎ ಒಪ್ಪಿದ ಡಾಕ್ಟರ್ ಹತ್ತಿರ ಮೊದಲ ಹಂತದ ಕ್ಲಾಸ್ 2 ತಪಾಸಣೆ ಮಾಡಿಸಿ, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1, ಅದು ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಆಗುತ್ತದೆ. ಬಣ್ಣ ಗುರುತಿಸುವ ಪರೀಕ್ಷೆಯಲ್ಲಿ ನಪಾಸಾದ ಹುಡುಗನೊಬ್ಬ ಅಷ್ಟರಲ್ಲಿ 8 ಲಕ್ಷ ಫೀಸು ಕಟ್ಟಿಯಾಗಿತ್ತು, ಅವನ ಅಪ್ಪನ ಮುಖ ನಾನು ಮರೆತಿಲ್ಲ. ಸೇನೆಯ ಮೆಡಿಕಲ್ ಇದಕ್ಕಿಂತ ಬಿಗಿ. ಆದರೂ ಇದರಲ್ಲಿ ಏನಾದರೂ ತೊಂದರೆ ಇದ್ದರೆ ಮುಂಚೆಯೇ ಗೊತ್ತಾಗುತ್ತದೆ.

ತೋಟದ ಮನೆ, ಶಿರಸಿ
ಎಲ್ಲರಿಗೂ ಉಪಕಾರ. ನಿನ್ನೆ ರಾತ್ರಿ ಮಗಳನ್ನು ಜಗಲಿ ಕಂಬಕ್ಕೆ ನಿಲ್ಲಿಸಿ ಅಳೆದೆ, 164 ಇದ್ದಾಳೆ. ಮಂಗಳವಾರ ರಾತ್ರಿ ಬೆಂಗಳೂರು ಬಸ್ಸಿಗೆ ಎರಡು ಸೀಟು ಮಾಡಿಸಿದ್ದೇನೆ, ಬುಧವಾರ ಬೆಳಿಗ್ಗೆ ಕ್ಲಾಸ್ 2.

ಬೈತಖೋಲ
ರಾತ್ರಿ ಬಸ್ಸು ಬೇಡ, ನಿದ್ದೆಗೆಟ್ಟರೆ ಬಿಪಿ ಜಾಸ್ತಿ ತೋರಿಸುತ್ತದೆ. ಮಂಗಳವಾರ ಬೆಳಿಗ್ಗೆಯೇ ಹೊರಡಿ, ಕಣ್ಣಿನ ಹಳೇ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ.