ಟೊಮೆಟೊ ಬಾಡಿದ್ದು ಮತ್ತು ಮಳೆಗಾಲದ ತಾರಸಿ ತೋಟ

ಅಕ್ಕ, ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೊ ಎಲ್ಲ ನೋಡಿದೆ. ತಾರಸಿ ಮೇಲೆ ಪೇಂಟ್ ಬಕೆಟಿನಲ್ಲಿರುವ ಟೊಮೆಟೊ ಎರಡೇ ದಿನದಲ್ಲಿ ಬಾಡಿತು, ಚೆಂಡು ಹೂವಿನ ಬುಡ ಕೊಳೆಯಿತು, ಮಳೆ ಈಗಷ್ಟೇ ಹಿಡಿದಿದೆ, ಎಲ್ಲ ಕಿತ್ತು ಹಾಕಿ ಅಕ್ಟೋಬರಿಗೆ ನೋಡೋದಾ ಅಂತ ಕೇಳಿದ್ದೀರಿ. ಎಲ್ಲ ಕೀಳಬೇಡಿ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಕೇಳಿ.

ಮೊದಲು ಟೊಮೆಟೊ. ಎಲೆ ಹಸಿರಾಗೇ ಇದ್ದು ಗಿಡ ಪೂರ್ತಿ ಜೋತು ಬಿದ್ದಿದೆ. ಇದು ನೀರು ನಿಂತು ಬೇರು ಕೊಳೆತದ್ದಿರಬಹುದು, ಇಲ್ಲ ಸೊರಗು ರೋಗ ಇರಬಹುದು. ಮೇಲಿಂದ ನೋಡಿದರೆ ಎರಡೂ ಒಂದೇ ಥರ, ಆದರೆ ಮುಂದೆ ಮಾಡಬೇಕಾದ ಕೆಲಸ ಬೇರೆ ಬೇರೆ. ಹಾಗಾಗಿ ಪರೀಕ್ಷೆ ಮಾಡಿ. ಬಾಡಿದ ಗಿಡದ ಬುಡದ ಹತ್ತಿರ ಕಾಂಡ ಕತ್ತರಿಸಿ ನಾಲ್ಕು ಇಂಚಿನ ತುಂಡು ತೆಗೆಯಿರಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತುಂಡಿನ ಕೆಳಗಿನ ತುದಿ ಮಾತ್ರ ನೀರಲ್ಲಿ ಮುಳುಗುವ ಹಾಗೆ ಹಿಡಿಯಿರಿ. ಅಲುಗಾಡಿಸಬೇಡಿ. ಐದು ನಿಮಿಷದೊಳಗೆ ಕತ್ತರಿಸಿದ ಜಾಗದಿಂದ ಬೆಳ್ಳಗೆ, ಹಾಲಿನ ದಾರದಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಏನೂ ಇಳಿಯದೆ, ಗಿಡ ಕಿತ್ತಾಗ ಬೇರು ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ಬರುತ್ತಿದ್ದರೆ ನೀರು ನಿಂತದ್ದೇ ಕಾರಣ.

ಸೊರಗು ರೋಗ ಆಗಿದ್ದರೆ ಔಷಧಿ ಹುಡುಕಬೇಡಿ, ಗಿಡ ಉಳಿಯಲ್ಲ. ಗಿಡ, ಮಣ್ಣು ಎರಡನ್ನೂ ತೆಗೆದುಬಿಡಿ. ಕಾಂಪೋಸ್ಟ್ ಗುಂಡಿಗೂ ಬೇಡ, ತರಕಾರಿ ಬೆಳೆಯುವ ಜಾಗಕ್ಕೂ ಬೇಡ. ಬಕೆಟ್ ಉಜ್ಜಿ ತೊಳೆದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಒಣಗಿಸಿ. ಕತ್ತರಿಸಿದ ಚಾಕು, ಕತ್ತರಿಯನ್ನೂ ಹಾಗೇ ತೊಳೆಯಿರಿ. ಆ ಬಕೆಟಿನ ನೀರು ಹರಿದು ಪಕ್ಕದ ಬಕೆಟಿನ ಬುಡಕ್ಕೆ ಹೋಗುತ್ತಿತ್ತಾ ಅಂತಲೂ ನೋಡಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬದವು, ರೋಗ ದಾಟಲು ಅಷ್ಟು ಸಾಕು.

ಇನ್ನು ನೀರಿನ ವಿಷಯ. ಯೂಟ್ಯೂಬಿನಲ್ಲಿ ತಾರಸಿ ತೋಟ ತೋರಿಸುವವರು ಹೆಚ್ಚಿನವರು ಒಣ ಊರಿನವರು. ಅವರ ಚಿಂತೆ ಮಣ್ಣಲ್ಲಿ ತೇವ ಹೇಗೆ ಉಳಿಸೋದು ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ನಮ್ಮ ಚಿಂತೆ ನೀರು ಹೊರಗೆ ಹೇಗೆ ಹೋಗಬೇಕು ಅಂತ. ಅವರು ಹೇಳುವ ಅರ್ಧಕ್ಕರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ಇಲ್ಲಿ ಮಳೆಗೆ ಕೆಸರಾಗುತ್ತದೆ. ಇಪ್ಪತ್ತು ಲೀಟರ್ ಬಕೆಟಿಗೆ ಮಿಶ್ರಣ ಹೀಗಿರಲಿ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಸುಟ್ಟ ಭತ್ತದ ಹೊಟ್ಟು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಜೊತೆಗೆ ನೂರು ಗ್ರಾಂ ಬೇವಿನ ಹಿಂಡಿ. ಕೋಕೋಪೀಟ್ ಹಾಕಲೇಬೇಕು ಅಂದರೆ ಒಂದೆರಡು ಬೊಗಸೆ, ಅಷ್ಟೇ. ಪಲ್ಪಿಂಗ್ ಮಾಡಿದ ಕಾಫಿ ಸಿಪ್ಪೆ ಹಸಿಯಾಗಿ ಹಾಕಬೇಡಿ, ಮಣ್ಣಿನೊಳಗೆ ಕಳಿಯುವಾಗ ಬಿಸಿಯಾಗಿ ಬೇರು ಸುಡುತ್ತದೆ. ಕಪ್ಪಾಗಿ ಪುಡಿಯಾದ ಮೇಲೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ.

ನಮ್ಮ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ರಂಜಕ ಇದ್ದರೂ ಗಿಡಕ್ಕೆ ಸಿಗಲ್ಲ. ಕಾಫಿ ತೋಟಕ್ಕೆ ಹಾಕುವ ಕೃಷಿ ಸುಣ್ಣ ಅಥವಾ ಡಾಲಮೈಟ್ ಮನೆಯಲ್ಲಿ ಇದ್ದೇ ಇರುತ್ತದಲ್ಲ, ಬಕೆಟಿಗೆ ಎರಡು ದೊಡ್ಡ ಚಮಚ ಕಲಸಿ. ಗಿಡ ನೆಡುವುದಕ್ಕೆ ಎರಡು ವಾರ ಮೊದಲೇ ಕಲಸಬೇಕು. ಹಸಿ ಸಗಣಿ, ಯೂರಿಯಾ ಜೊತೆ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಗೋಡೆಗೆ ಬಳಿಯುವ ಸುಣ್ಣ ಬೇಡ, ಅದು ತುಂಬಾ ಖಾರ.

ಬಕೆಟಿನ ತಳಕ್ಕೆ ನೀವು ಜಲ್ಲಿ ಕಲ್ಲು ಹಾಕಿದ್ದೀರಿ. ಬಹಳ ಜನ ಹಾಕುತ್ತಾರೆ, ಅದರಿಂದ ಉಪಯೋಗ ಇಲ್ಲ. ಮೇಲಿನ ಮಣ್ಣು ನೆನೆದು ತುಂಬುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಕೆಸರಿನ ಪದರ ತಳದಲ್ಲಿರುವ ಬದಲು ಜಲ್ಲಿ ಹಾಕಿದಷ್ಟು ಮೇಲೆ ಬರುತ್ತದೆ, ಅಂದರೆ ಬೇರಿಗೆ ಇನ್ನೂ ಹತ್ತಿರ. ಜಲ್ಲಿ ತೆಗೆದು ಪೂರ್ತಿ ಮಣ್ಣೇ ತುಂಬಿ. ತಳದಲ್ಲಿ ಅರ್ಧ ಇಂಚಿನ ಆರು ತೂತು ಮಾಡಿ, ಮೇಲೊಂದು ತುಂಡು ಸೊಳ್ಳೆ ಬಲೆ ಹಾಸಿದರೆ ಮಣ್ಣು ಹೋಗಲ್ಲ. ಬಕೆಟನ್ನು ನೆಲಕ್ಕೆ ಕೂರಿಸದೆ ಇಟ್ಟಿಗೆ ಮೇಲೆ ಇಡಿ. ಫೋಟೊದಲ್ಲಿ ನಿಮ್ಮ ಬಕೆಟ್‌ಗಳ ಸುತ್ತ ಪಾಚಿಯ ಉಂಗುರ ಕಾಣ್ತದೆ, ಅಲ್ಲಿ ತೂತು ನೆಲಕ್ಕೆ ಅಂಟಿ ಮುಚ್ಚಿಹೋಗಿದೆ ಅಂತ ಅರ್ಥ.

ಭಾರದ ಬಗ್ಗೆಯೂ ಒಂದು ಮಾತು. ಇಪ್ಪತ್ತು ಲೀಟರ್ ಬಕೆಟ್ ಮಳೆಯಲ್ಲಿ ನೆನೆದರೆ ಮೂವತ್ತು ಕಿಲೋ ಹತ್ತಿರ ತೂಗುತ್ತದೆ. ಸ್ಲ್ಯಾಬಿನ ನಡುವೆ ಗುಂಪು ಮಾಡಬೇಡಿ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲೇ ಇಡಿ. ತಾರಸಿಯ ನೀರು ಹೋಗುವ ಪೈಪಿನ ಬಾಯಿಗೆ ಜಾಲರಿ ಹಾಕಿ, ವಾರಕ್ಕೊಮ್ಮೆ ಎಲೆ ತೆಗೆಯಿರಿ.

ಉಳಿದ ಟೊಮೆಟೊ, ಮೆಣಸಿನ ಗಿಡಕ್ಕೆ ಮರೆ ಬೇಕೇ ಬೇಕು. 200 ಮೈಕ್ರಾನ್‌ನ ಯುವಿ ಪಾಲಿಥೀನ್ ಶೀಟ್ ತಂದು ಜಿಐ ಪೈಪ್ ಅಥವಾ ಬಿದಿರಿನ ಚೌಕಟ್ಟಿಗೆ ಎಳೆದು ಕಟ್ಟಿ. ಒಂದು ಬದಿ ಏಳಡಿ, ಇನ್ನೊಂದು ಬದಿ ಐದೂವರೆ ಅಡಿ ಇದ್ದರೆ ನೀರು ಜಾರುತ್ತದೆ, ನಡುವೆ ಹೊಟ್ಟೆ ಕಟ್ಟಲ್ಲ. ಸುತ್ತ ಮುಚ್ಚಬೇಡಿ, ಗಾಳಿ ಆಡದಿದ್ದರೆ ಬೂಷ್ಟು. ಜುಲೈ ಗಾಳಿಗೆ ಹಾರದಂತೆ ಕಾಲುಗಳನ್ನು ಪ್ಯಾರಪೆಟಿಗೆ ಕ್ಲಾಂಪ್ ಹಾಕಿಸಿ. ಬೇಸಿಗೆಗೆ ಕಟ್ಟಿದ ಹಸಿರು ಶೇಡ್ ನೆಟ್ ಈಗ ತೆಗೆಯಿರಿ, ಮೋಡದಲ್ಲಿ ಇರುವ ಬೆಳಕೇ ಕಮ್ಮಿ. ಇನ್ನೊಂದು, ಹೊರಗೆ ಮಳೆ ಸುರಿಯುತ್ತಿದ್ದರೂ ಶೀಟಿನ ಕೆಳಗಿನ ಗಿಡಕ್ಕೆ ನೀರು ಹಾಕಬೇಕು. ಬೆರಳು ಎರಡು ಇಂಚು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ. ಕುಶಾಲನಗರದ ಕಡೆಯವರು ಇದನ್ನು ಕೇಳುತ್ತಿದ್ದರೆ, ನಿಮಗೆ ಇಷ್ಟೆಲ್ಲ ಬೇಡ, ಅಲ್ಲಿ ಮಳೆ ಇದರ ಅರ್ಧವೂ ಇಲ್ಲ.

ಶೀಟ್ ಇದ್ದರೂ ಚಳಿಗೆ ಟೊಮೆಟೊಗೆ ಅಂಗಮಾರಿ ಬರುತ್ತದೆ. ಎಲೆ ಮೇಲೆ ನೀರು ತಾಗಿದಂಥ ಕಂದು ಮಚ್ಚೆ, ಬೆಳಿಗ್ಗೆ ತಿರುಗಿಸಿ ನೋಡಿದರೆ ಅಂಚಿನಲ್ಲಿ ಬಿಳಿ ಬೂಷ್ಟು. ಆ ಎಲೆ ಕಿತ್ತು ತೆಗೆದು ಬೋರ್ಡೋ ದ್ರಾವಣ ಹೊಡೆಯಿರಿ. ತೋಟಕ್ಕೆ ಹೊಡೆಯುವ ಶೇಕಡಾ 1ರದ್ದೇ: ಅರ್ಧ ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಿಗೆ 10 ಗ್ರಾಂ ಸುಟ್ಟ ಸುಣ್ಣ (ಮಣ್ಣಿಗೆ ಕಲಸುವ ಕೃಷಿ ಸುಣ್ಣ ಅಲ್ಲ), ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಪಾತ್ರೆಯಲ್ಲೇ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದರೆ ಕೆಂಪು ಹತ್ತಿರಬಾರದು. ಹತ್ತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಅಂದೇ ಮುಗಿಸಿ, ನಾಳೆಗೆ ಇಡಬೇಡಿ. ಸೊಪ್ಪಿನ ಗಿಡಗಳಿಗೆ ಸಿಡಿಸಬೇಡಿ.

ಬಯಲಲ್ಲಿರುವ ಬಕೆಟ್‌ಗಳಿಗೆ ಮಳೆ ಇಷ್ಟ ಇರುವುದನ್ನೇ ಹಾಕಿ. ಕೆಸು, ಶುಂಠಿ, ಅರಿಶಿನ ಆರಾಮ ಇರುತ್ತವೆ. ಮದ್ದು ಸೊಪ್ಪಿನ ಕಡ್ಡಿ ಸಿಕ್ಕರೆ ನೆರಳಿನ ಮೂಲೆಯಲ್ಲಿ ಚುಚ್ಚಿ, ಸುಲಭವಾಗಿ ಬೇರು ಬಿಡುತ್ತದೆ. ಕೊಡಗಿನಲ್ಲಿ ಈ ಸೊಪ್ಪಿನ ಪಾಯಸ ಮಾಡುವ ಕಕ್ಕಡ ಹದಿನೆಂಟಕ್ಕೆ (ಆಗಸ್ಟ್ ಮೊದಲ ವಾರ) ಈ ಸಲ ಆಗಲಿಕ್ಕಿಲ್ಲ, ಮುಂದಿನ ವರ್ಷ ಪಾಯಸಕ್ಕೆ ಮನೆಯಲ್ಲೇ ಇರುತ್ತದೆ. ಹೂವಿನಲ್ಲಿ ಈಗ ಡೇರೆಯದೇ (ಡೇಲಿಯಾ) ಕಾಲ. ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಗೆಡ್ಡೆ, ಕುತ್ತಿಗೆಯ ಹತ್ತಿರ ಮೊಳಕೆ ಕಣ್ಣು ಇರಲೇಬೇಕು, ಕಣ್ಣಿಲ್ಲದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರಲ್ಲ. ಮಲಗಿಸಿ ನಾಲ್ಕು ಇಂಚು ಮಣ್ಣು ಮುಚ್ಚಿ. ಆಸರೆ ಕೋಲು ಅದೇ ದಿನ ನೆಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೇ ತೂತು. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಕವಲು ಹೆಚ್ಚು. ಹೈಡ್ರಾಂಜಿಯಾ ಕುಂಡಕ್ಕೆ ಮಾತ್ರ ಸುಣ್ಣ ಹಾಕಬೇಡಿ, ನೀಲಿ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಚೆಂಡು ಹೂ ಬುಡ ಕೊಳೆತಿದ್ದು ಉಳಿಯಲ್ಲ, ಕಿತ್ತುಬಿಡಿ. ಆಗಸ್ಟ್ ಕೊನೆಗೆ ಶೀಟಿನ ಕೆಳಗೆ ಬೀಜ ಹಾಕಿದರೆ ಎರಡು ತಿಂಗಳಿಗೆ ಹೂ.

ಗೊಬ್ಬರ ಒಂದೇ ಸಲ ಸುರಿಯಬೇಡಿ, ಮಳೆ ತೊಳೆದುಕೊಂಡು ಹೋಗುತ್ತದೆ. ಹದಿನೈದು ದಿನಕ್ಕೆ ಒಂದು ಮುಷ್ಟಿ ಎರೆಗೊಬ್ಬರ ಸಾಕು. ಬಸವನಹುಳು ಬಂದರೆ ಕುಂಡಕ್ಕೆ ಉಪ್ಪು ಉದುರಿಸಬೇಡಿ, ಮಣ್ಣು ಹಾಳು. ರಾತ್ರಿ ಒದ್ದೆ ಗೋಣಿ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಸೇರಿರುತ್ತವೆ, ಗ್ಲೌಸ್ ಹಾಕಿ ಹೆಕ್ಕಿ ಉಪ್ಪು ನೀರಿನ ಬಕೆಟಿಗೆ ಹಾಕಿ. ಬಸವನಹುಳು ಕೊಲ್ಲುವ ಅಂಗಡಿಯ ಮಾತ್ರೆ ಬೇಡ, ನಾಯಿ ತಿಂದರೆ ಕಷ್ಟ.

ಎಲೆಕೋಸು, ನವಿಲುಕೋಸು, ಟೊಮೆಟೊ ಸಸಿಗೆ ಆಗಸ್ಟ್ ನಡುವೆ ಟ್ರೇಯಲ್ಲಿ ಬೀಜ ಹಾಕಿ, ಮಳೆ ಕಮ್ಮಿಯಾದ ಮೇಲೆ ಬಕೆಟಿಗೆ. ಬೀನ್ಸ್, ಮೂಲಂಗಿ, ಕ್ಯಾರೆಟ್ ಕಾವೇರಿ ಸಂಕ್ರಮಣದ (ಅಕ್ಟೋಬರ್ ನಡುವೆ) ಹೊತ್ತಿಗೆ ನೇರ ಬಿತ್ತಬಹುದು. ಟೊಮೆಟೊಗೆ ಈ ಸಲ ಅರ್ಕಾ ರಕ್ಷಕ್ ತಳಿ ಹಾಕಿ, ಅದಕ್ಕೆ ಸೊರಗು ರೋಗ, ಎಲೆ ಮುದುಡು ನಂಜು ಎರಡನ್ನೂ ತಡೆಯುವ ಶಕ್ತಿ ಉಂಟು. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಇಟ್ಟುಕೊಳ್ಳಬೇಡಿ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದಲ್ಲಿ ವಿಚಾರಿಸಿ, ಬೀಜ ಇದೆಯಾ ಅಂತ ಫೋನ್ ಮಾಡಿಯೇ ಹೊರಡಿ.