ಹ್ಯಾಂಪ್‌ಶೈರ್‌ನಲ್ಲಿ ಮಕ್ಕಳ ಸ್ಕೂಲು, ಕಾಲೇಜು: ಅನುಭವ ಇರುವವರು ಹೇಳಿ

ಪ್ರಶ್ನೆ: ಯಜಮಾನರಿಗೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಯ (ನಮ್ಮ ಜಿಲ್ಲೆ ಥರ) ಬೇಸಿಂಗ್‌ಸ್ಟೋಕ್‌ನಲ್ಲಿ ಕೆಲಸ ಸಿಕ್ಕಿದೆ. ಜುಲೈನಲ್ಲಿ ಮೈಸೂರಿನಿಂದ ಎಲ್ಲರೂ ಹೊರಡುತ್ತೇವೆ. ಮಗಳದ್ದು ಹತ್ತನೇ ಕ್ಲಾಸ್ ಮುಗಿದಿದೆ, ಮಗನದ್ದು ಆರನೇ ಕ್ಲಾಸ್. ಅಲ್ಲಿ ಪಿಯುಸಿ ಥರದ್ದು ಎಲ್ಲಿ ಓದುತ್ತಾರೆ? ಯಾವ ಸ್ಕೂಲ್ ನೋಡಿ ಮನೆ ಹಿಡಿಯಬೇಕು?

ಉತ್ತರ 1: ಮೊದಲು ಮಗಳ ಹುಟ್ಟಿದ ತಾರೀಖು ನೋಡಿ ಮೇಡಂ. ಇಲ್ಲಿ ಕ್ಲಾಸ್ ಕೊಡುವುದು ವಯಸ್ಸು ನೋಡಿ. ಆಗಸ್ಟ್ 31ರೊಳಗೆ 16 ತುಂಬಿದರೆ ಸೆಪ್ಟೆಂಬರ್‌ನಲ್ಲಿ ಇಯರ್ 12, ಅಂದರೆ ನಮ್ಮ ಫಸ್ಟ್ ಪಿಯುಸಿ. ಅಷ್ಟರೊಳಗೆ ತುಂಬದಿದ್ದರೆ ಇಯರ್ 11. ಅದು ನಮ್ಮ ಎಸ್ಸೆಸ್ಸೆಲ್ಸಿ ಥರದ ಜಿಸಿಎಸ್‌ಇ ಪರೀಕ್ಷೆಯ ವರ್ಷ. ಸಾಮಾನ್ಯವಾಗಿ ಅದರ ಪಾಠ ಇಯರ್ 10ರಲ್ಲೇ ಶುರುವಾಗಿರುತ್ತದೆ, ಸ್ಕೂಲಿನಿಂದ ಸ್ಕೂಲಿಗೆ ಪರೀಕ್ಷಾ ಬೋರ್ಡೂ ಬೇರೆ. ನಡುವೆ ಬಂದ ಮಗುವಿಗೆ ತುಂಬಾ ಕಷ್ಟ. ಹಾಗೇನಾದರೂ ಆದರೆ ಒಂದು ವರ್ಷ ಕೆಳಗೆ ಕೂರಿಸುತ್ತಾರಾ ಎಂದು ಸ್ಕೂಲಿನವರನ್ನೇ ಕೇಳಿ.

ಇನ್ನು ಮನೆ. ಹ್ಯಾಂಪ್‌ಶೈರ್‌ನ ಹೆಚ್ಚಿನ ಸರ್ಕಾರಿ ಸೆಕೆಂಡರಿ ಸ್ಕೂಲುಗಳು ಇಯರ್ 11ಕ್ಕೇ ನಿಲ್ಲುತ್ತವೆ. ಆಮೇಲೆ ಮಕ್ಕಳು ಬೇರೆ ಕಾಲೇಜಿಗೆ ಹೋಗುತ್ತಾರೆ. ಹಾಗಾಗಿ ಮನೆ ಹುಡುಕುವಾಗ ಮಗನ ಸ್ಕೂಲಿನ ಕ್ಯಾಚ್‌ಮೆಂಟ್ (ಆ ಸ್ಕೂಲು ಪ್ರವೇಶದಲ್ಲಿ ಆದ್ಯತೆ ಕೊಡುವ ಸುತ್ತಲಿನ ಪ್ರದೇಶ) ನೋಡಿದರೆ ಸಾಕು. ಮಗಳ ಕಾಲೇಜಿನ ಹತ್ತಿರವೇ ಇರಬೇಕೆಂದು ಜಾಸ್ತಿ ಬಾಡಿಗೆ ಕೊಡಬೇಡಿ. ಸುತ್ತಮುತ್ತಲಿನ ಊರುಗಳಿಂದ ಮಕ್ಕಳು ರೈಲಿನಲ್ಲಿ ಬಂದು ಹೋಗುತ್ತಾರೆ. ಕೌಂಟಿಯ ಸರ್ಕಾರಿ ಸ್ಕೂಲುಗಳಲ್ಲಿ ಗ್ರಾಮರ್ ಸ್ಕೂಲ್ (ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸುವ ಸ್ಕೂಲು) ಇಲ್ಲ, ಆದ್ದರಿಂದ ಆ ಪರೀಕ್ಷೆಯ, ಅಂದರೆ 11-ಪ್ಲಸ್‌ನ, ಕೋಚಿಂಗ್ ಓಡಾಟವೂ ಇಲ್ಲ. ನನಗಂತೂ ಇದು ದೊಡ್ಡ ನೆಮ್ಮದಿ!

ಉತ್ತರ 2: ಎ-ಲೆವೆಲ್‌ಗೆ (ನಮ್ಮ ಪಿಯುಸಿ ಥರದ ಎರಡು ವರ್ಷದ ಓದು) ಬೇಸಿಂಗ್‌ಸ್ಟೋಕ್‌ನಲ್ಲೇ ಕ್ವೀನ್ ಮೇರೀಸ್ ಕಾಲೇಜ್ ಇದೆ. ವಿಂಚೆಸ್ಟರ್‌ನ ಪೀಟರ್ ಸೈಮಂಡ್ಸ್, ಫಾರ್ನ್‌ಬರೋ ಸಿಕ್ಸ್ತ್ ಫಾರ್ಮ್ ಕಾಲೇಜ್, ಈಸ್ಟ್‌ಲಿಯ ಬಾರ್ಟನ್ ಪೆವರಿಲ್ ಕೂಡ ನೋಡಿ. ಪೀಟರ್ ಸೈಮಂಡ್ಸ್‌ಗೆ ಫಾಕ್‌ಲ್ಯಾಂಡ್ ದ್ವೀಪಗಳಿಂದಲೂ ಮಕ್ಕಳು ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ನಮ್ಮ ಮಗಳು ವಿಂಚೆಸ್ಟರ್‌ಗೆ ಹೋಗುತ್ತಾಳೆ. ಯೂನಿಫಾರ್ಮ್ ಇಲ್ಲ, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ. ಅವಳಿಗೆ ಅದು ಬಾಯಿಗೆ ಬರಲು ಸ್ವಲ್ಪ ದಿನ ಹಿಡಿಯಿತು. ಸಾಮಾನ್ಯವಾಗಿ ಓದುವುದು ಮೂರೇ ವಿಷಯ. ಎಂಜಿನಿಯರಿಂಗ್ ಆಸೆ ಇದ್ದರೆ ಗಣಿತ, ಭೌತಶಾಸ್ತ್ರ ಬಿಡಬಾರದು.

ಅರ್ಜಿ ಹಾಕುವ ಕಾಲ ಹಿಂದಿನ ವರ್ಷದ ಶರತ್ಕಾಲದಲ್ಲೇ ಶುರುವಾಗುತ್ತದೆ. ನಿಮಗೆ ಈಗಾಗಲೇ ತಡ. ಹೊರಡುವವರೆಗೂ ಕಾಯಬೇಡಿ. ಮಾರ್ಕ್ಸ್ ಕಾರ್ಡ್ ಬಂದ ದಿನವೇ ಅಡ್ಮಿಷನ್ಸ್ ವಿಭಾಗಕ್ಕೆ ಮೇಲ್ ಮಾಡಿ. ಯುಕೆ ಎನಿಕ್‌ನ (ವಿದೇಶದ ಮಾರ್ಕ್ಸ್ ಕಾರ್ಡ್ ಇಲ್ಲಿನ ಯಾವ ಓದಿಗೆ ಸಮ ಎಂದು ಹೇಳುವ ಸಂಸ್ಥೆ) ಪತ್ರ ಬೇಕಾ ಅಂತಲೂ ಅದರಲ್ಲೇ ಕೇಳಿಬಿಡಿ.

ಉತ್ತರ 3: ಎಲ್ಲರೂ ಎ-ಲೆವೆಲ್ ಅಂತಲೇ ಹೇಳುತ್ತಿದ್ದೀರಿ. ನನ್ನ ಮಗನಿಗೆ ದಿನವಿಡೀ ಪುಸ್ತಕ ಹಿಡಿದು ಕೂರುವುದು ಆಗುತ್ತಿರಲಿಲ್ಲ. ಬೇಸಿಂಗ್‌ಸ್ಟೋಕ್ ಕಾಲೇಜ್ ಆಫ್ ಟೆಕ್ನಾಲಜಿಯಂಥ ಕಡೆ ಕೈಕೆಲಸದ ಕೋರ್ಸುಗಳು, ಅಪ್ರೆಂಟಿಸ್‌ಶಿಪ್ ಎಲ್ಲ ಇವೆ. 2020ರಲ್ಲಿ ಶುರುವಾದ ಟಿ-ಲೆವೆಲ್ ಎಂಬ ಎರಡು ವರ್ಷದ ತಾಂತ್ರಿಕ ಕೋರ್ಸಿನಲ್ಲಿ ಸುಮಾರು 45 ದಿನ ಕಂಪನಿಯಲ್ಲೇ ಕೆಲಸ ಕಲಿಯಬೇಕು. ಯೂನಿವರ್ಸಿಟಿ ಪ್ರವೇಶದ ಅಂಕಗಳಲ್ಲಿ ಒಂದು ಟಿ-ಲೆವೆಲ್ ಮೂರು ಎ-ಲೆವೆಲ್‌ಗೆ ಸಮ. ದಯವಿಟ್ಟು ಇದನ್ನು ಕೀಳಾಗಿ ನೋಡಬೇಡಿ. ಮಗನ ಮುಖದಲ್ಲಿ ಗೆಲುವು ಬಂದಿದ್ದೇ ಅಲ್ಲಿ ಸೇರಿದ ಮೇಲೆ.

ಉತ್ತರ 1ರವರೇ ಮತ್ತೆ: ದುಡ್ಡಿನ ವಿಷಯ ಮರೆತಿದ್ದೆ. ಅಪ್ಪ-ಅಮ್ಮನ ಕೆಲಸದ ವೀಸಾದಲ್ಲಿ ಜೊತೆಗೆ ಬಂದ 16ರಿಂದ 18ರ ಮಕ್ಕಳಿಗೆ ಸಾಮಾನ್ಯವಾಗಿ ಕಾಲೇಜು ಫೀಸ್ ಇಲ್ಲ. ಯೂನಿವರ್ಸಿಟಿ ಮಾತೇ ಬೇರೆ. ಸ್ಥಳೀಯರ ಫೀಸ್ 2025-26ಕ್ಕೆ 9,535 ಪೌಂಡ್. ಅದು ಸಿಗಬೇಕಾದರೆ ಸಾಮಾನ್ಯವಾಗಿ ಮೂರು ವರ್ಷ ಇಲ್ಲಿ ನೆಲೆಸಿರಬೇಕು, ಐಎಲ್‌ಆರ್ (ಇಲ್ಲೇ ಕಾಯಂ ಇರಲು ಅನುಮತಿ) ಕೂಡ ಕೈಗೆ ಬಂದಿರಬೇಕು. ಮಗಳು ಎರಡೇ ವರ್ಷಕ್ಕೆ ಯೂನಿವರ್ಸಿಟಿ ಬಾಗಿಲಲ್ಲಿ ನಿಂತಿರುತ್ತಾಳೆ. ವಿದೇಶಿ ಮಕ್ಕಳ ಫೀಸ್ ಎಷ್ಟಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ.